ಕೀಮೋ ಮುಗೀತಾ ಬಂತು, ನೋಡೋಕೆ ಮಾತ್ರ ಈಗಲೇ ಬರಬೇಡಿ

ಐದು ಕೀಮೋ ಆಯ್ತು, ಇನ್ನೊಂದೇ ಬಾಕಿ. ಈ ಸುದ್ದಿ ಅರಸೀಕೆರೆ ದಾಟಿ ಕಡೂರು, ತಿಪಟೂರಿನ ನೆಂಟರಿಗೆಲ್ಲ ಹೇಗೆ ಮುಟ್ಟಿತೋ, ದಿನಾ ಫೋನು. "ಮುಗೀತಲ್ಲ ಇನ್ನೇನು, ಭಾನುವಾರ ಬಂದು ನೋಡ್ಕೊಂಡು ಹೋಗ್ತೀವಿ." ಪ್ರೀತಿಗೇ ಕೇಳ್ತಾರೆ, ಗೊತ್ತು. ಆದರೂ ಹೇಳ್ತೀನಿ, ಬರಬೇಡಿ. ಒಬ್ಬೊಬ್ಬರಿಗೂ ವಿವರಿಸೋಕೆ ಉಸಿರು ಸಾಲದೆ ಇಲ್ಲಿ ಬರೀತಿದ್ದೀನಿ.

ನನ್ನದು ಲಿಂಫೋಮಾ, ಒಂಥರಾ ರಕ್ತದ ಕ್ಯಾನ್ಸರ್. ಮೂರು ವಾರಕ್ಕೊಂದರಂತೆ ಆರು ಸಲ ಔಷಧಿ, ಆರ್-ಚಾಪ್ ಅಂತಾರೆ. ಡ್ರಿಪ್ಪಿನಲ್ಲಿ ನಾಲ್ಕು ಔಷಧಿ, ಜೊತೆಗೆ ಐದು ದಿನ ಸ್ಟೀರಾಯ್ಡ್ ಮಾತ್ರೆ. ಕೀಮೋ ಹಾಕಿಸಿಕೊಂಡ ದಿನ ನಾನು ಚೆನ್ನಾಗೇ ಕಾಣ್ತೀನಿ. ಸ್ಟೀರಾಯ್ಡಿನ ಹುರುಪಿಗೆ ರಾತ್ರಿ ಎರಡು ಗಂಟೆಗೆ ಎದ್ದು ಬೀರು ಜೋಡಿಸಿದ್ದೂ ಉಂಟು. ಪೆಟ್ಟು ಬೀಳೋದು ಆಮೇಲೆ. ಒಂದು ವಾರ ಕಳೆದು ಎರಡನೇ ವಾರಕ್ಕೆ, ಸೋಂಕಿನ ಜೊತೆ ಹೋರಾಡೋ ಬಿಳಿ ರಕ್ತಕಣ ನೆಲ ಕಚ್ಚುತ್ತೆ. ಆಗ ನಿಮ್ಮ ಮಗುವಿನ ಸಣ್ಣ ನೆಗಡಿ ನನಗೆ ಸಣ್ಣದಲ್ಲ. ಜ್ವರ 100.4 ಮುಟ್ಟಿದರೆ ಡೋಲೋ ನುಂಗಿ ಮಲಗೋ ಹಾಗಿಲ್ಲ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಮೂರನೇ ಸಲ ಹಾಗೇ ಓಡಿದೆವು. ಇದೆಲ್ಲ ಕೊನೇ ಕೀಮೋಗೂ ಅನ್ವಯಿಸುತ್ತೆ. ಅದು ಕೊನೇದು ಅಂತ ರಕ್ತಕಣಗಳಿಗೇನು ಗೊತ್ತು?

ನಮ್ಮ ಕಡೆ ಕಾಯಿಲೆಯವರನ್ನ ನೋಡೋಕೆ ಹೋಗದಿದ್ದರೆ ಸಂಬಂಧವೇ ಕೆಟ್ಟಂತೆ. ಡಜನ್ ಬಾಳೆಹಣ್ಣು, ಒಂದು ಹಾರ್ಲಿಕ್ಸ್ ಹಿಡಿದು ಬಂದು, ಮಂಚದ ಪಕ್ಕ ಕೂತು, "ಪಾಪ, ಎಷ್ಟು ಚೆನ್ನಾಗಿತ್ತು ಜಡೆ" ಅಂದು, ಕಾಫಿ ಕುಡಿದು ಹೊರಡಬೇಕು. ಆ ಕಾಫಿ ಮಾಡೋರು ಯಾರು? ಹಿಂದಿನ ರಾತ್ರಿಯಿಡೀ ನನ್ನ ಜೊತೆ ಎದ್ದಿದ್ದವರೇ.

ಅದಕ್ಕೆ ನಮ್ಮತ್ತೆ ಒಂದು ಏರ್ಪಾಡು ಮಾಡಿದರು. ಹೊರಗಿನ ಜಗುಲಿ ಮೇಲೆ ಎರಡು ಕುರ್ಚಿ. ಬಂದವರಿಗೆ ಅಲ್ಲೇ ಮಜ್ಜಿಗೆ, ಅಲ್ಲೇ ಮಾತು. "ಒಳಗೆ ಹೋಗ್ಬ್ಯಾಡ್ರಿ, ಮಲಗವ್ಳೆ." ನಾನು ಒಳಗೆ ಎಚ್ಚರವಾಗೇ ಇರ್ತೀನಿ, ಅದು ಬೇರೆ ಮಾತು. ಹತ್ತಿರದವರು ಮುಖ ಊದಿಸಿಕೊಂಡರು. "ಸೊಸೆ ಕಾಯಿಲೆ ಬಿದ್ದಿದ್ದೇ ಬಿದ್ದಿದ್ದು, ಅತ್ತೆಗೆ ಜಂಬ ಬಂತು" ಅಂದವರೂ ಇದ್ದಾರೆ. ಅತ್ತೆ ಅದನ್ನೂ ಜಗುಲಿ ಮೇಲೇ ಕೇಳಿಸಿಕೊಂಡು, ಒಳಗೆ ಬಂದು ನನಗೆ ರಾಗಿ ಗಂಜಿ ಕಾಯಿಸಿದರು. ಮನೆಯವರ ಬೆಂಬಲ ಅಂತ ಎಲ್ಲರೂ ಹೇಳ್ತಾರಲ್ಲ, ನನ್ನ ಪಾಲಿಗೆ ಅದರಲ್ಲಿ ದೊಡ್ಡದು ಇದೇ. ನನ್ನ ಬದಲು ಇನ್ನೊಬ್ಬರು ನಿಷ್ಠುರ ಕಟ್ಟಿಕೊಳ್ಳೋದು.

ಉಳಿದಿದ್ದೆಲ್ಲ ಕೆಲಸ ಹಂಚಿಕೊಂಡಿದ್ದು. ನಮ್ಮನೆಯವರು ನನ್ನ ಜೊತೆ ಬೆಂಗಳೂರಿಗೆ ಬರೋ ದಿನ ಮೈದುನ ಹಾರ್ಡ್‌ವೇರ್ ಅಂಗಡಿ ಬಾಗಿಲು ತೆಗೀತಾನೆ. ಬಿಳಿ ರಕ್ತಕಣದ ಕೌಂಟ್ ಏರಿಸೋ ಇಂಜೆಕ್ಷನ್ ಫ್ರಿಜ್ಜಲ್ಲಿರಬೇಕು, ಕರೆಂಟ್ ಹೋದಾಗ ಐಸ್ ಡಬ್ಬಿಗೆ ಹಾಕೋದು ಮಗಳ ಡ್ಯೂಟಿ. ಹತ್ತನೇ ಕ್ಲಾಸಿನ ಹುಡುಗಿ. ವಿಂಕ್ರಿಸ್ಟೀನ್ ಅನ್ನೋ ಔಷಧಿಗೆ ನನ್ನ ಬೆರಳ ತುದಿಗಳು ಜೋಮು ಹಿಡಿದಿವೆ. ಬ್ಲೌಸಿನ ಹುಕ್ಕು ಬೆರಳಿಗೆ ಸಿಕ್ಕರೂ ಸಿಕ್ಕಿದ್ದು ತಿಳಿಯಲ್ಲ. ಸ್ಕೂಲಿಗೆ ಹೊರಡೋ ಗಡಿಬಿಡಿಯಲ್ಲಿ ಅವಳು ಬಾಯಲ್ಲಿ ರಬ್ಬರ್ ಬ್ಯಾಂಡ್ ಕಚ್ಚಿಕೊಂಡು, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಹುಕ್ಕು ಹಾಕ್ತಾಳೆ. "ಅಮ್ಮಾ, ಉಸಿರು ಎಳ್ಕೋ" ಅಂತ ಗದರಿಸ್ತಾಳೆ. ಸ್ಟೀರಾಯ್ಡಿನ ಹಸಿವಿಗೆ ಅಷ್ಟು ದಪ್ಪ ಆಗಿದ್ದೀನಿ!

ವಿಂಕ್ರಿಸ್ಟೀನ್ ಅಂದಾಗ ನೆನಪಾಯ್ತು. "ಇಂಗ್ಲಿಷ್ ಮದ್ದು ಬಿಟ್ಟು ಗಿಡಮೂಲಿಕೆ ತಗೋ" ಅನ್ನೋರಿಗೆ ಒಂದು ವಿಷಯ. ನಾನು ಗಿಡಮೂಲಿಕೇನೇ ತಗೋತಿರೋದು. ನಿಮ್ಮ ಕಾಂಪೌಂಡಿನಲ್ಲಿ, ಸ್ಮಶಾನದ ಬೇಲಿಯಲ್ಲಿ ತಾನಾಗೇ ಬೆಳೆಯೋ ಕಾಶಿ ಕಣಗಿಲೆಯಿಂದಲೇ ಈ ಔಷಧಿ ಬಂದಿದ್ದು, 1963ರಿಂದ ಬಳಕೆಯಲ್ಲಿದೆ. ಆದರೆ ಟನ್‌ಗಟ್ಟಲೆ ಎಲೆಯಿಂದ ಗ್ರಾಂ ಲೆಕ್ಕದಲ್ಲಿ ತೆಗೆದಿದ್ದನ್ನ ಒಂದು ಸಲಕ್ಕೆ 2 ಮಿಲಿಗ್ರಾಂ ಮೀರದ ಹಾಗೆ ಅಳೆದು ಕೊಡ್ತಾರೆ. ಅಷ್ಟಕ್ಕೇ ಬೆರಳು ಹೀಗಾಗಿವೆ. ಆ ಗಿಡ ಕಿತ್ತು ಕಷಾಯ ಮಾಡಿ ಕುಡಿಸೋ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಬಿಡಿ, ಅದು ವಿಷ.

ಹಾಗಾದ್ರೆ ನಾವೇನು ಮಾಡೋದು ಅಂತ ನಿಜವಾಗಿ ಕೇಳೋರೂ ಇದ್ದಾರೆ. ಹಿಮೋಗ್ಲೋಬಿನ್ ಇಳಿದಾಗ ಮೈದುನನ ಸ್ನೇಹಿತರಿಬ್ಬರು ಬಂದು ರಕ್ತ ಕೊಟ್ಟು, ನನ್ನ ಮುಖವನ್ನೂ ನೋಡದೆ ಹೋದರು. ಪಕ್ಕದ ಮನೆಯಕ್ಕ ಕೀಮೋ ವಾರದಲ್ಲಿ ಬಿಸಿ ಸಾರು ಮಾಡಿ ಗೇಟಿಗೆ ನೇತುಹಾಕಿ ಬೆಲ್ ಒತ್ತಿ ಹೋಗ್ತಾರೆ. ಆಗ ಬಾಯೆಲ್ಲ ಕಬ್ಬಿಣದ ರುಚಿ, ಹುಳಿ ಮುಂದಾದ ಅವರ ಸಾರೊಂದೇ ಗಂಟಲಲ್ಲಿ ಇಳಿಯೋದು. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್, ತ್ರೀ ಟಯರ್ ಏಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಯವರಿಗೆ ಮುಕ್ಕಾಲು ಪಾಲು ಇದೆ ಅಂತ ತಿಳಿಸಿ, ಡಾಕ್ಟರ್ ಸಹಿ ಹಾಕಬೇಕಾದ ಫಾರಂ ಪ್ರಿಂಟ್ ತೆಗೆದು ಕಳಿಸಿದವರು ದೂರದ ಒಬ್ಬ ಭಾವ. ಹತ್ತು ಸಲ ಮನೆಗೆ ಬಂದವರಿಗಿಂತ ಅವರು ನನಗೆ ಹತ್ತಿರ.

ಇನ್ನೊಂದು ವಿಷಯ. ಫೋನ್ ಮಾಡಿದಾಗ ನಮ್ಮನೆಯವರ ಹತ್ರ "ಅವಳು ಹೇಗಿದ್ದಾಳೆ" ಅಂತಷ್ಟೇ ಕೇಳಿ ಸುಮ್ಮನಾಗಬೇಡಿ, ಅವರನ್ನೂ ವಿಚಾರಿಸಿ. ಕಳೆದ ಸಲ ಡ್ರಿಪ್ ಹೋಗ್ತಿದ್ದಾಗ ಪಕ್ಕದ ಸ್ಟೂಲಿನ ಮೇಲೆ ಕೂತೇ ನಿದ್ದೆ ಹೋಗಿಬಿಟ್ಟಿದ್ದರು, ಕೈಯಲ್ಲಿ ಬಿಲ್ಲುಗಳ ಕವರು. ನರ್ಸಮ್ಮ ಎಬ್ಬಿಸೋಕೆ ಹೋದರು, ನಾನೇ ಬೇಡ ಅಂದೆ. "ನೀನು ಹೆಂಗಿದ್ಯೋ, ಊಟ ಆಯ್ತಾ" ಅಂತ ಅವರನ್ನ ಕೇಳೋ ಸ್ನೇಹಿತ ಒಬ್ಬನೇ ಇರೋದು.

ಪಾರ್ಟಿ, ಹೋಮ, ಸತ್ಯನಾರಾಯಣ ಪೂಜೆ ಅಂತ ಆಗಲೇ ಪಟ್ಟಿ ಶುರುವಾಗಿದೆ. ಆರನೇದು ಮುಗಿದರೆ ಎಲ್ಲಾ ಮುಗೀತು ಅಂತಲ್ಲ. ಆರರಿಂದ ಎಂಟು ವಾರ ಬಿಟ್ಟು, ಮೈಯಲ್ಲಿ ಕ್ಯಾನ್ಸರ್ ಉಳಿದಿದೆಯಾ ಅಂತ ಪೆಟ್ ಸ್ಕ್ಯಾನ್ ಮಾಡಿ ನೋಡ್ತಾರೆ, ಗೆದ್ದೆ ಸೋತೆ ಅನ್ನೋ ಮಾತೆಲ್ಲ ಅದಾದ ಮೇಲೆ. ಬೇಗ ಮಾಡಿದರೆ ಔಷಧಿಯಿಂದ ಆದ ಉರಿಯೂತವೇ ಸ್ಕ್ಯಾನಿನಲ್ಲಿ ಮಿನುಗಿ ಗೊಂದಲ ಮಾಡುತ್ತಂತೆ. ಅಲ್ಲಿವರೆಗೆ ನಾನು ಯಾವ ದೇವರಿಗೂ ತಾರೀಕು ಕೊಡೋಳಲ್ಲ.

ಅತ್ತೆ ಮಾತ್ರ ನನ್ನ ಕೇಳದೆ ಧರ್ಮಸ್ಥಳಕ್ಕೆ ಹರಕೆ ಹೊತ್ತುಬಿಟ್ಟಿದ್ದಾರೆ. ಊರೋರನ್ನೆಲ್ಲ ಜಗುಲಿಯಿಂದಲೇ ವಾಪಸ್ ಕಳಿಸಿದವರು, ಆ ಜನಜಂಗುಳಿಗೆ ನನ್ನ ಕರ್ಕೊಂಡು ಹೋಗ್ತಾರಂತೆ! ಎರಡು ದಿನ ಜಗಳವಾಡಿ ಒಪ್ಪಂದಕ್ಕೆ ಬಂದಿದ್ದೀವಿ. ರಕ್ತದ ರಿಪೋರ್ಟ್ ಸರಿ ಬರಬೇಕು, ಡಾಕ್ಟರ್ ಹೂಂ ಅನ್ನಬೇಕು, ಸೋಮವಾರ ಹೋಗೋ ಹಾಗಿಲ್ಲ, ಮಾಸ್ಕ್ ಅತ್ತೆಯೂ ಹಾಕಬೇಕು.