ಚಾಬುದೋ ಅಂದ್ರೆ ಎಷ್ಟು ಪರ್ಸೆಂಟು?

ಮಾರ್ಚ್ ಕೊನೇ ಭಾನುವಾರ ಬಂತು ಅಂದ್ರೆ ನನಗೆ ಸಂಕಟ ಶುರು. ಅವತ್ತು ಜರ್ಮನಿಯೋರು ಗಡಿಯಾರನ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರೆ, ಚೀನಾದೋರು 1991 ಆದ್ಮೇಲೆ ಆ ಉಸಾಬರಿಗೇ ಹೋಗಿಲ್ಲ, ಇವರಿಬ್ಬರ ಮಧ್ಯೆ ಮಧ್ಯಾಹ್ನದ ನಿದ್ದೆ ಕಳ್ಕೊಳ್ಳೋನು ಪೀಣ್ಯದಿಂದ ಬಂದ ನಾನು.

ನಾನಿರೋದು ಶಾಂಘೈ ಪಕ್ಕದ ತೈಚಾಂಗ್‌ನಲ್ಲಿ. ನೂರಾರು ಜರ್ಮನ್ ಕಂಪನಿಗಳಿರೋ ಊರು, ಜರ್ಮನ್ ಬ್ರೆಡ್ ಕೂಡ ಸಿಗುತ್ತೆ, ಮುದ್ದೆ ಮಾತ್ರ ಕೇಳ್ಬೇಡಿ. ಪ್ರತಿ ಮಂಗಳವಾರ ಜರ್ಮನಿ ಟೈಮ್ ಬೆಳಗ್ಗೆ 7ಕ್ಕೆ ಹೆಡ್ ಆಫೀಸಿನ ಹೆರ್ ಡಾಕ್ಟರ್ (ವೈದ್ಯರಲ್ಲ, ಪಿಎಚ್‌ಡಿ ಮಾಡಿದೋರನ್ನ ಜರ್ಮನ್ನರು ಕರೆಯೋದೇ ಹಾಗೆ) ಜೊತೆ ಕಾಲ್. ಚಳಿಗಾಲದಲ್ಲಾದ್ರೆ ಇಲ್ಲಿ 2 ಗಂಟೆ, ಪರವಾಗಿಲ್ಲ. ಬೇಸಿಗೇಲಿ ಸರಿಯಾಗಿ 1 ಗಂಟೆ, ಅಂದ್ರೆ ನಮ್ಮ ಆಫೀಸಲ್ಲಿ ಲೈಟೆಲ್ಲ ಆರಿಸಿ, ಡೆಸ್ಕ್ ಕೆಳಗಿಂದ ಮಡಚೋ ಮಂಚ ಎಳ್ಕೊಂಡು, ಕಣ್ಣಿಗೆ ಪಟ್ಟಿ ಕಟ್ಕೊಂಡು ಎಲ್ಲರೂ ಮಲಗಿರೋ ಹೊತ್ತು. 1:30ರವರೆಗೆ ಪರ್ಚೇಸ್‌ನೋರ ಗೊರಕೆ ಬಿಟ್ರೆ ಬೇರೆ ಸದ್ದಿಲ್ಲ.

ಕಾಲ್ ಒಂದು ಗಂಟೆ ತಡ ಮಾಡೋಣ್ವಾ ಅಂತ ಕೇಳ್ದೆ. ಹೆರ್ ಡಾಕ್ಟರ್ ಎರಡೇ ಸೆಕೆಂಡಲ್ಲಿ ‘ನೈನ್’ ಅಂದ್ರು, ಅಂದ್ರೆ ಜರ್ಮನ್‌ನಲ್ಲಿ ಇಲ್ಲ ಅಂತ, ಆಮೇಲೆ ನಂಬರ್ ಹಾಕಿ ಮೂರು ಕಾರಣ ಮೇಲ್ ಮಾಡಿದ್ರು. ಸರಿ, ನಿದ್ದೆ ಟೈಮನ್ನಾದ್ರೂ ಸ್ವಲ್ಪ ಆಚೀಚೆ ಮಾಡಿ ಅಂತ ಇಲ್ಲಿನ ಮ್ಯಾನೇಜರ್‌ಗೆ ಹೇಳ್ದೆ. ಅವರು ನಗ್ತಾ ಟೀ ಬಗ್ಗಿಸಿ ‘ಯೆನ್‌ಜಿಯೂ ಯಿಶ್ಯಾ’ ಅಂದ್ರು, ನೋಡೋಣ ಅಂತ. ಸೈಟ್ ತಗೋಳಕ್ಕೆ ಕೈಸಾಲ ಕೇಳ್ದಾಗ ಸೋದರಮಾವ ‘ನೋಡೋಣ’ ಅಂತಾರಲ್ಲ, ಅದೇ ನೋಡೋಣ.

ಅದಕ್ಕೇ ನಾನು ಕಾಲ್ ತಗೊಳ್ಳೋದು ಫೈರ್ ಎಕ್ಸಿಟ್ ಮೆಟ್ಟಿಲ ಮೇಲೆ ಕೂತು. ಅಲ್ಲಿ ಲೈಟು ಸದ್ದಾದ್ರೆ ಹತ್ತುತ್ತೆ, ಸುಮ್ಮನಿದ್ರೆ ಆರುತ್ತೆ. ಹೆರ್ ಡಾಕ್ಟರ್ ಮಾತಾಡೋದು ನನ್ನ ಇಯರ್‌ಫೋನಲ್ಲಿ, ಲೈಟಿಗೆ ಹೇಗೆ ಕೇಳ್ಬೇಕು? ಕ್ಯಾಮೆರಾ ಬೇರೆ ಆನ್ ಇರ್ಲೇಬೇಕಂತೆ. ಮೊದಮೊದಲು ಕೆಮ್ತಿದ್ದೆ, ಮೂರನೇ ವಾರ ಎಕ್ಸ್‌ರೇ ತೆಗೆಸ್ಕೊಳ್ಳಿ ಅಂದ್ರು, ಆಮೇಲಿಂದ ಚಪ್ಪಾಳೆ.

ಕಾಲ್‌ನಲ್ಲಿ ಅವರ ಪ್ರಶ್ನೆ ಒಂದೇ: ಫಿಕ್ಸ್ಚರ್ (ಕೆಲಸ ಮಾಡುವಾಗ ಭಾಗ ಅಲ್ಲಾಡದ ಹಾಗೆ ಹಿಡಿಯೋ ಸಾಧನ) ರೆಡಿನಾ, ‘ಯಾ ಓಡರ್ ನೈನ್?’ ಹೌದೋ ಅಲ್ವೋ ಹೇಳು ಅಷ್ಟೇ. ಇದನ್ನೇ ನಾನು ಮ್ಯಾನೇಜರ್‌ನ ಬೆಳಗ್ಗೇನೇ ಕೇಳಿರ್ತೀನಿ, ಅವರ ಉತ್ತರಾನೂ ಒಂದೇ: ‘ಚಾಬುದೋ’. ಹೆಚ್ಚುಕಮ್ಮಿ ಆಯ್ತು ಅಂತ. ಪೀಣ್ಯದಲ್ಲಿ ಹತ್ತು ವರ್ಷ ‘ಆಗೋಯ್ತು ಸಾರ್, ಇನ್ನೇನು’ ಕೇಳಿರೋ ನನಗೆ ಅದರ ಅರ್ಥ ಬಿಡಿಸಿ ಹೇಳ್ಬೇಕಾ, ಆದರೆ ಹೆರ್ ಡಾಕ್ಟರ್‌ಗೆ ಅದನ್ನ ಪ್ರೊಟೊಕಾಲ್ ಅನ್ನೋ ಮೀಟಿಂಗ್ ದಾಖಲೆಗೆ ಹಾಕಬೇಕು, ಅಲ್ಲಿ ಹೆಚ್ಚುಕಮ್ಮಿಗೆ ಕಾಲಮ್ಮೇ ಇಲ್ಲ. ಬಾಯಿಗೆ ಬಂದಿದ್ದು 80 ಪರ್ಸೆಂಟ್ ಅಂದೆ. ಬರ್ಕೊಂಡ್ರು. ಮುಂದಿನ ವಾರವೂ ಚಾಬುದೋ, ನಾನು 83 ಅಂದೆ. ಬರೀ ಏರ್ತಾನೇ ಇದ್ರೆ ಅನುಮಾನ ಬರುತ್ತೆ ಅಂತ ಮಧ್ಯೆ ಒಂದು ವಾರ ಒಂದು ಪರ್ಸೆಂಟ್ ಇಳಿಸ್ದೆ, ಅಯ್ಯೋ, ಯಾಕೆ ಇಳೀತು ಅಂತ ಎರಡು ಪುಟ ಬರೆಸ್ಕೊಂಡ್ರು. ಅದನ್ನೂ ನಾನೇ ಹೆಣೆದು ಕೊಟ್ಟೆ, ಏನ್ಮಾಡೋದು.

ನಿನ್ನೆ ಅವರು ಸ್ಕ್ರೀನ್ ಶೇರ್ ಮಾಡಿದ್ರೆ ನನ್ನ ಸುಳ್ಳುಗಳದ್ದೇ ಒಂದು ಗ್ರಾಫು, ನೀಲಿ ಬಣ್ಣದಲ್ಲಿ, ಕೆಳಗೆ ತಾರೀಖುಗಳ ಸಮೇತ. ‘ಈ ಟ್ರೆಂಡ್ ನನಗೆ ಸಮಾಧಾನ ತಂದಿದೆ’ ಅಂತ ಅವರು ಹೇಳೋದಕ್ಕೂ ಮೆಟ್ಟಿಲ ಲೈಟು ಆರೋದಕ್ಕೂ ಸರಿಹೋಯ್ತು, ಕತ್ತಲಲ್ಲಿ ನಾನು ಪಟಪಟ ಅಂತ ಚಪ್ಪಾಳೆ ತಟ್ಟಿದೆ. ಮೂರು ವರ್ಷದಲ್ಲಿ ಒಂದ್ಸಲಾನೂ ನಗದೇ ಇದ್ದ ಆಸಾಮಿ ಮೆಲ್ಲಗೆ ನಕ್ಕು, ‘ಡಾಂಕೆ’, ಥ್ಯಾಂಕ್ಸ್ ಅಂದ್ರು!

ಕಾಲ್ ಮುಗಿಸಿ ಬಂದ್ರೆ ಮ್ಯಾನೇಜರ್ ಬಾಯಿ ತೆರ್ಕೊಂಡು ಮಲಗಿದ್ರು. ಎಬ್ಬಿಸಿ ನಾಲ್ಕು ಮಾತು ಅನ್ನೋಣ ಅಂತ ಹೋದೋನು ಹಾಗೇ ನಿಂತೆ. ತಿಪಟೂರಲ್ಲಿ ನಮ್ಮಪ್ಪ ಮಧ್ಯಾಹ್ನ ಅಂಗಡಿ ಷಟರ್ ಅರ್ಧ ಇಳಿಸಿ, ಬಟ್ಟೆ ಥಾನಿನ ಮೇಲೆ ತಲೆ ಇಟ್ಟು ಹೀಗೇ ಮಲಗೋರು. ಗಿರಾಕಿಗಳು ಬಗ್ಗಿ ನೋಡಿ, ಆಮೇಲೆ ಬಂದ್ರಾಯ್ತು ಅಂತ ಸದ್ದಿಲ್ಲದೆ ಹೋಗೋರು. ಈಗ ಷಟರ್ ಪೂರ್ತಿ ಇಳಿದು ಆರು ವರ್ಷ.

1:30ಕ್ಕೆ ಲೈಟ್ ಹತ್ತಿತು. ಮ್ಯಾನೇಜರ್ ಕಣ್ಣುಜ್ಜಿಕೊಂಡು, ಕಾಲ್ ಹೇಗಾಯ್ತು ಅಂದ್ರು. ಫಿಕ್ಸ್ಚರ್ ಎಲ್ಲಿಗೆ ಬಂತು ಅಂದೆ. ‘ಚಾಬುದೋ.’

ನಿನ್ನೆಗೆ 97 ಹೇಳಾಗಿದೆ. ಗಡಿಯಾರ ಹಿಂದಕ್ಕೆ ಹೋಗೋದು ಅಕ್ಟೋಬರ್ ಕೊನೇ ಭಾನುವಾರ. ಮುಂದಿನ ಮಂಗಳವಾರಕ್ಕೆ 97.2 ಅಂತ ಬರೆದಿಟ್ಕೊಂಡಿದ್ದೀನಿ.