ನೀಸ್‌ಗೆ ಬನ್ನಿ, ಅಕ್ಟೋಬರ್‌ನಲ್ಲೇ ಬನ್ನಿ

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ. ಬರೆದೇ ಬಿಡುತ್ತೇನೆ.

ದಕ್ಷಿಣ ಫ್ರಾನ್ಸ್‌ನ ನೀಸ್‌ನ ಕಡಲ ರಸ್ತೆಯಲ್ಲಿ ಸಾಲಾಗಿ ಇಟ್ಟಿರುವ ನೀಲಿ ಕುರ್ಚಿಗಳಲ್ಲಿ ಒಂದರ ಮೇಲೆ ಕೂತಿದ್ದೆ. ಬೆಂಗಳೂರಿನ ಪ್ರವಾಸಿಗರ ತಂಡವೊಂದು ಬಸ್ಸಿಂದ ಇಳಿಯಿತು. ಕನ್ನಡ ಕಿವಿಗೆ ಬಿದ್ದು ಖುಷಿಯಾಯಿತು. ವಯಸ್ಸಾದ ಹೆಂಗಸೊಬ್ಬರು ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿಕೊಂಡು ನೀರಿನ ಕಡೆ ಹೊರಟರು. ಇಲ್ಲಿನ ದಂಡೆಯಲ್ಲಿ ಮರಳಿಲ್ಲ, ಬರೀ ಉರುಟು ಕಲ್ಲು. ಕೈ ಅಗಲಿಸಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಅಷ್ಟರಲ್ಲಿ ಟೂರ್ ಮ್ಯಾನೇಜರ್ ಕೂಗಿದ: "ಅಮ್ಮಾ, ಬನ್ನಿ ಬನ್ನಿ, ಲೇಟಾಗುತ್ತೆ. ಸೀಸನ್ ಮುಗಿದಿದೆ, ಈಗ ಇಲ್ಲಿ ಏನೂ ಇಲ್ಲ. ಮೊನಾಕೊದಲ್ಲಿ ಜಾಸ್ತಿ ಟೈಮ್ ಕೊಡ್ತೀನಿ." ಅವರು ಕಾಲು ನೆನೆಸದೆಯೇ ವಾಪಸ್ ಬಂದರು.

ಏನೂ ಇಲ್ಲ ಅಂದರೆ ಏನರ್ಥ? ಅವನ ಕಣ್ಣೆದುರೇ ಜನ ಈಜುತ್ತಿದ್ದರು. ಬೇಸಿಗೆಯೆಲ್ಲ ಕಾದ ಸಮುದ್ರ ಅಷ್ಟು ಬೇಗ ತಣ್ಣಗಾಗುವುದಿಲ್ಲ. ಅಕ್ಟೋಬರ್‌ನಲ್ಲಿ ನೀರು ಸುಮಾರು 20 ಡಿಗ್ರಿ ಇರುತ್ತದೆ, ಮೇ ತಿಂಗಳಿಗಿಂತ ಬೆಚ್ಚಗೆ. ನಮ್ಮವರಲ್ಲಿ ಹೆಚ್ಚಿನವರು ಬರುವುದು ಅದೇ ಮೇ ತಿಂಗಳಲ್ಲಿ, ಮಕ್ಕಳ ರಜೆ ನೋಡಿಕೊಂಡು.

ಈ ಊರು ಬೆಳೆದದ್ದೇ ಚಳಿಗಾಲ ಕಳೆಯಲು ಬಂದವರಿಂದ. ಅವನು ನಿಂತು ಕೂಗಿದ ರಸ್ತೆ ಇದೆಯಲ್ಲ, 'ಪ್ರೊಮೆನಾಡ್ ದೆ ಝಾಂಗ್ಲೆ', ಅದಕ್ಕೆ 1820ರ ದಶಕದಲ್ಲಿ ದುಡ್ಡು ಹಾಕಿದ್ದು ಚಳಿ ತಪ್ಪಿಸಿಕೊಳ್ಳಲು ಬರುತ್ತಿದ್ದ ಇಂಗ್ಲಿಷರು. ಆ ಕಾಲದಲ್ಲಿ ಬೇಸಿಗೆ ಬಂತೆಂದರೆ ಹೋಟೆಲ್‌ಗಳು ಬಾಗಿಲು ಹಾಕುತ್ತಿದ್ದವು! ಬೇಸಿಗೆಯಲ್ಲಿ ಜನ ಮುಗಿಬೀಳತೊಡಗಿದ್ದು 1920ರ ದಶಕದಿಂದ ಈಚೆಗೆ. 1936ರಲ್ಲಿ ಫ್ರಾನ್ಸ್‌ನ ಕೆಲಸಗಾರರಿಗೆ ಎರಡು ವಾರ ಸಂಬಳದ ರಜೆ ಸಿಕ್ಕ ಮೇಲೆ ಇನ್ನೂ ಹೆಚ್ಚಾಯಿತು. 2021ರಲ್ಲಿ ಯುನೆಸ್ಕೊ ಪಟ್ಟಿಗೆ ನೀಸ್ ಸೇರಿದ್ದು ಕೂಡ ಚಳಿಗಾಲದ ವಿಹಾರದ ಊರು ಎಂದೇ. ಇಷ್ಟೆಲ್ಲ ಇದ್ದೂ "ಈಗ ಏನೂ ಇಲ್ಲ" ಎಂದು ದುಡ್ಡು ಕೊಟ್ಟು ಬಂದವರಿಗೆ ಹೇಳುವುದು ಮೋಸ ಅಲ್ವಾ?

ಮಳೆ ಬರುತ್ತೆ ಅಂತೀರಿ. ಬರುತ್ತೆ. ಇಲ್ಲಿ ಅಕ್ಟೋಬರ್, ನವೆಂಬರ್‌ನಲ್ಲೇ ಮಳೆ ಜಾಸ್ತಿ. 2020ರ ಅಕ್ಟೋಬರ್‌ನಲ್ಲಿ ಊರ ಹಿಂದಿನ ಬೆಟ್ಟದ ಕಣಿವೆಗಳಲ್ಲಿ ಪ್ರವಾಹವೇ ಬಂದಿತ್ತು. ಎಚ್ಚರಿಕೆ ಕೊಟ್ಟ ದಿನ ರೂಮಲ್ಲಿರಿ. ಆದರೆ ಸಾಮಾನ್ಯವಾಗಿ ಧೋ ಅಂತ ಸುರಿದು ಹೋಗುವ ಮಳೆ ಇದು. ಅಪರೂಪಕ್ಕೆ ಬಿಡದೆ ಹಿಡಿದರೂ ಬಿಸಿಲು ಬಂದೇ ಬರುತ್ತದೆ. ಚಿತ್ರಕಾರ ಮಾತೀಸ್ 1917ರ ಕೊನೆಯಲ್ಲಿ ಬಂದಾಗ ದಿನಗಟ್ಟಲೆ ಮಳೆ. ಬೇಸತ್ತು ಹೊರಡಬೇಕು ಅನ್ನುವಾಗ ಬಿಸಿಲು ಬಂತು. ಉಳಿದೇಬಿಟ್ಟ. 1954ರಲ್ಲಿ ತೀರಿಕೊಂಡದ್ದೂ ಇಲ್ಲೇ.

ನನಗೆ ಇಷ್ಟು ಉರಿಯುವುದಕ್ಕೆ ಕಾರಣವಿದೆ. ಅಪ್ಪ ಹೋದ ಮೇಲೆ ಅಮ್ಮನನ್ನು ಇಲ್ಲಿಗೆ ಕರೆತಂದಿದ್ದೆ, ಇದೇ ದಿನಗಳಲ್ಲಿ. ತಿಂಗಳುಗಟ್ಟಲೆ ಅವರಿಗೆ ಊಟವೇ ಸೇರುತ್ತಿರಲಿಲ್ಲ. ಹಳೇ ಪೇಟೆಯಲ್ಲಿ ಸೊಕ್ಕಾ ಅನ್ನುವ ತಿಂಡಿ ಮಾಡುತ್ತಾರೆ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಅಷ್ಟೇ. ಅಗಲವಾದ ತಾಮ್ರದ ತಟ್ಟೆಯಲ್ಲಿ ಹಿಟ್ಟು ಹುಯ್ದು ಸೌದೆ ಒಲೆಯೊಳಗೆ ತಳ್ಳುತ್ತಾರೆ. ಅಂಚು ಕಪ್ಪಾಗಿ ಗರಿಗರಿ, ನಡುವೆ ಮೆತ್ತಗೆ. ಮೇಲೆ ಕಾಳುಮೆಣಸಿನ ಪುಡಿ. ಅಮ್ಮ ತಿಂದು ಮುಗಿಸಿ, "ಇನ್ನೊಂದು ತಗೊಳ್ಳೋಣ್ವಾ?" ಅಂದರು. ಕ್ಯೂ ಇರಲಿಲ್ಲ, ಎದ್ದೇಳಿ ಅನ್ನುವವರಿರಲಿಲ್ಲ. ಆಗಸ್ಟ್‌ನ ನೂಕುನುಗ್ಗಲಿನಲ್ಲಿ ಮಂಡಿನೋವಿನ ಅಮ್ಮನನ್ನು ನಾನು ಕರೆತರುತ್ತಲೇ ಇರಲಿಲ್ಲ.

ಕಡಲ ಪಕ್ಕದ ಕೆಲವು ಹೋಟೆಲ್‌ಗಳು ಈಗ ಮುಚ್ಚಿರುತ್ತವೆ, ನಿಜ. ಮುಚ್ಚಲಿ ಬಿಡಿ. ಕೂರ್ ಸಲೇಯಾ ಮಾರ್ಕೆಟ್‌ನಲ್ಲಿ ಹೂವು, ತರಕಾರಿ ಇವೆ. ಏರ್‌ಪೋರ್ಟ್‌ನಿಂದ ಟ್ರಾಮ್ ಇದೆ. ಇಟಲಿ ಗಡಿಯ ಪಕ್ಕದ ಊರು ಮೆಂಟನ್‌ಗೆ ಕಡಲ ಪಕ್ಕದಲ್ಲೇ ರೈಲು ಹೋಗುತ್ತದೆ.

ಅಪ್ಪ ಅಮ್ಮನಿಗೆ ಯುರೋಪ್ ಟೂರ್ ಬುಕ್ ಮಾಡುವವರು ದಯವಿಟ್ಟು ಏಜೆಂಟ್‌ಗೆ ಒಂದೇ ಪ್ರಶ್ನೆ ಕೇಳಿ: ನೀಸ್‌ನಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತೀರಿ? "ಫೋಟೊ ಸ್ಟಾಪ್" ಅಂದರೆ ಆ ಪ್ಯಾಕೇಜ್ ಬೇಡ ಅನ್ನಿ. ಒಂದು ಇಡೀ ದಿನವಾದರೂ ಬೇಕು ಎಂದು ಹಟ ಹಿಡಿಯಿರಿ.