ನಾಲ್ಕಾಣೆ ತಂಪು

ನಿನ್ನೆ ಸಂಜೆ ಕಾರಿನ ಏಸಿ ಮತ್ತೆ ಕೈಕೊಟ್ಟಿತು. ಆಫೀಸಿನಿಂದ ಹೊರಟು ಮೊದಲ ಸಿಗ್ನಲ್ ಬರುವಷ್ಟರಲ್ಲಿ ವೆಂಟಿನ ಗಾಳಿ ಉಗುರುಬೆಚ್ಚಗಾಗಿತ್ತು. ಎರಡನೇ ಸಿಗ್ನಲ್ಲಿನಲ್ಲಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಬಡಿಯಿತು. ಫ್ಯಾನನ್ನು ನಾಲ್ಕಕ್ಕೆ ತಿರುಗಿಸಿದೆ. ಬಿಸಿಗಾಳಿ ಜಾಸ್ತಿ ಬಂತು, ಅಷ್ಟೇ. ಏಸಿ ಬಟನ್ನಿನ ದೀಪ ಮಾತ್ರ ಏನೂ ಆಗೇ ಇಲ್ಲ ಅನ್ನುವಂತೆ ಉರಿಯುತ್ತಿತ್ತು. ಅಷ್ಟು ಧೈರ್ಯ ನನಗಿದ್ದಿದ್ದರೆ ಇಷ್ಟು ಹೊತ್ತಿಗೆ ಮ್ಯಾನೇಜರ್ ಆಗಿರುತ್ತಿದ್ದೆ.

ನಾನಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್ ಊರಲ್ಲಿ. ಇಲ್ಲಿನ ಬೇಸಿಗೆ ಗೊತ್ತಲ್ವಾ? ಮಧ್ಯಾಹ್ನ ಪಾರ್ಕಿಂಗಿನಲ್ಲಿ ನಿಂತ ಕಾರಿನ ಸ್ಟಿಯರಿಂಗ್ ಮುಟ್ಟಲು ಅಡುಗೆಮನೆಯ ಕೈಗವಸು ಬೇಕು. ಸೀಟ್ ಬೆಲ್ಟಿನ ಕಬ್ಬಿಣ ತೋಳಿಗೆ ತಗುಲಿದರೆ ಆಷಾಢ ಏಕಾದಶಿಗೆ ಮುದ್ರೆ ಹಾಕಿಸಿಕೊಳ್ಳಲು ಬೇರೆ ಮಠಕ್ಕೆ ಹೋಗಬೇಕಿಲ್ಲ. ಇಂಥ ಊರಲ್ಲಿ ನಾನು ಕೊಂಡಿರುವುದು 1992ರ ಜಪಾನಿ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಬಟ್ಟೆಯ ಟಾಪು. ಹೆಡ್‌ಲೈಟ್ ಹಾಕಿದರೆ ದೀಪಗಳು ಕಪ್ಪೆ ಕಣ್ಣು ಬಿಟ್ಟ ಹಾಗೆ ಮೇಲೇಳುತ್ತವೆ. ಆ ಕಣ್ಣಿಗೆ ಮರುಳಾಗಿಯೇ ದುಡ್ಡು ಕೊಟ್ಟಿದ್ದು. ಕಂಪನಿಯ ಹೆಸರು ಬೇಡ. ಮೂವತ್ತು ದಾಟಿದ ಮೇಲೆ ನನ್ನ ಸೊಂಟವೇ ಹಿಡಿದುಕೊಂಡಿತು, ಅದಕ್ಕೆ ಯಾರೂ ನಮ್ಮಪ್ಪನನ್ನು ಬೈಯಲಿಲ್ಲ.

ಕಾರು ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ. 'ಓಪನ್ ಕಾರಿಗೆ ಏಸಿ ಯಾಕ್ರೀ? ಟಾಪು ತೆಗೆದ್ರೆ ಗಾಳಿ ಬರುತ್ತಲ್ಲ!' ಬರುತ್ತೆ ಸ್ವಾಮಿ. 44 ಡಿಗ್ರಿಯ ಗಾಳಿ ಬರುತ್ತೆ. ಕೂದಲು ಒಣಗಿಸುವ ಯಂತ್ರವನ್ನು ಮುಖಕ್ಕೆ ಹಿಡಿದುಕೊಂಡು, ನೆತ್ತಿಯ ಮೇಲೆ ಕಾದ ಹೆಂಚು ಇಟ್ಟುಕೊಂಡರೆ ಹೇಗಿರುತ್ತೋ ಹಾಗಿರುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲು ಹೊತ್ತಿನಲ್ಲಿ ಈ ಊರಲ್ಲಿ ಟಾಪು ತೆಗೆದು ಓಡಾಡುವವನು ಒಂದೋ ಹೊಸಬ, ಇಲ್ಲಾ ಏಸಿ ಕೆಟ್ಟವನು. ನಾನು ಎರಡನೇ ಜಾತಿ. ಪಕ್ಕದ ಕಾರಿನವರು ಹೆಬ್ಬೆರಳೆತ್ತಿ ಮೆಚ್ಚುಗೆ ತೋರಿಸುತ್ತಾರೆ. ನಾನೂ ನಗುತ್ತೇನೆ. ಒಳಗೆ ಬನಿಯನ್ನು ಹಿಂಡಿದರೆ ಒಂದು ಲೋಟ ನೀರು.

ಮೂಲ ತೊಂದರೆ ಗ್ಯಾಸಿನದು. ಕಾರು ಹುಟ್ಟಿದಾಗ ಅದರ ಏಸಿಯಲ್ಲಿದ್ದದ್ದು ಆರ್-12 ಅನ್ನುವ ಗ್ಯಾಸು. ಓಝೋನ್ ಪದರಕ್ಕೆ ತೂತು ಬೀಳುತ್ತೆ ಅಂತ 1987ರಲ್ಲಿ ಮಾಂಟ್ರಿಯಲ್‌ನಲ್ಲಿ ಹಲವು ದೇಶಗಳು ಸೇರಿ ಒಪ್ಪಂದ ಮಾಡಿಕೊಂಡವು. 1995ರ ಕೊನೆಗೆ ಅಮೆರಿಕದಲ್ಲಿ ಅದರ ತಯಾರಿ ನಿಂತಿತು. ಆಮೇಲೆ ನನಗಿಂತ ಮುಂಚಿನ ಮಾಲೀಕ ಯಾರೋ ಹೊಸ ಕಾಲದ ಆರ್-134ಎ ತುಂಬಿಸಿದ್ದಾನೆ. ಒಳಗಿನ ಬಿಸಿಯನ್ನು ಹೊರಹಾಕಲು ಹಳೆ ಗ್ಯಾಸಿಗೆ ಅಂತ ಮಾಡಿದ ಸಣ್ಣ ಕಂಡೆನ್ಸರ್ ಅದಕ್ಕೆ ಸಾಲದು. ಮೇಲಾಗಿ ಹೊಸ ಗ್ಯಾಸಿನ ಅಣು ಸಣ್ಣದು, ಹಳೆ ರಬ್ಬರ್ ಪೈಪಿನ ಗೋಡೆಯಲ್ಲೇ ಮೆಲ್ಲಗೆ ನುಸುಳಿ ಹೋಗುತ್ತದೆ. ಓಝೋನ್ ಉಳಿಯಬೇಕಾದ್ದೇ, ತಕರಾರಿಲ್ಲ. ಅದು ಉಳಿದದ್ದು ನನ್ನೊಬ್ಬನ ಬೆವರಿನಲ್ಲೇನೋ ಅಂತ ಸಿಗ್ನಲ್ಲಿನಲ್ಲಿ ನಿಂತಾಗ ಅನಿಸುತ್ತದೆ.

ಮೆಕ್ಯಾನಿಕ್ ಹತ್ತಿರ ಹೋದರೆ ಒಂದೊಂದು ಸಲ ಒಂದೊಂದು ಜಾಗ ಸೋರುತ್ತದೆ. ಗ್ಯಾಸಿನ ಜೊತೆ ಬಣ್ಣ ಬಿಟ್ಟು, ಹಳದಿ ಕನ್ನಡಕ ಹಾಕಿಕೊಂಡು, ನೇರಳೆ ದೀಪ ಹಿಡಿದು ಹುಡುಕುತ್ತಾನೆ. ಸೋರಿದ ಕಡೆ ಹಸಿರು ಹೊಳೆಯುತ್ತದೆ. ಮೊದಲ ವರ್ಷ ಕೀಲುಗಳ ರಬ್ಬರ್ ಓ-ರಿಂಗ್‌ಗಳು, ಎರಡನೇ ವರ್ಷ ಗ್ಯಾಸನ್ನು ಒತ್ತುವ ಕಂಪ್ರೆಸರಿನ ಮೂತಿಯ ಸೀಲು, ಮೂರನೇ ವರ್ಷ ತೇವ ಹೀರುವ ಡ್ರೈಯರ್ ಹತ್ತಿರದ ಪೈಪು. ದುಡ್ಡು ಉಳಿಸೋಣ ಅಂತ ಒಮ್ಮೆ ನಾನೇ ಅಂಗಡಿಯಿಂದ ಡಬ್ಬಿ ತಂದು ತುಂಬಿದೆ. ತಂಪು ಬಂತು. ಇನ್ನೊಂದು ಡಬ್ಬಿ ತುಂಬಿದರೆ ಇನ್ನೂ ತಂಪು ಬರಬೇಕಲ್ವಾ? ಬರಲಿಲ್ಲ. ಇದ್ದದ್ದೂ ಹೋಯಿತು. ಗ್ಯಾಸು ಜಾಸ್ತಿಯಾದರೆ ಒಳಗೆ ಒತ್ತಡ ಏರಿ ತಂಪು ಕಮ್ಮಿಯಾಗುತ್ತೆ, ಅದನ್ನು ತೂಕ ಮಾಡಿಯೇ ಹಾಕಬೇಕು ಅಂತ ಆಮೇಲೆ ಮೆಕ್ಯಾನಿಕ್ ಪಾಠ ಮಾಡಿದ. ಪಾಠಕ್ಕೂ ಬಿಲ್ಲು ಹಾಕಿದ.

ಇದೆಲ್ಲದರ ಮಧ್ಯೆ 2023ರ ಜುಲೈನಲ್ಲಿ ದಾವಣಗೆರೆಯಿಂದ ಮಾವ ಬಂದರು. ಆ ಜುಲೈ ಮರೆಯುವ ಹಾಗಿಲ್ಲ. ಸತತ 31 ದಿನ ಫೀನಿಕ್ಸ್‌ನಲ್ಲಿ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ನಮ್ಮ ಲೆಕ್ಕದಲ್ಲಿ 43ಕ್ಕಿಂತ ಮೇಲೆ. ಅತ್ತೆ ಮೊದಲ ದಿನವೇ ಹೆಂಡತಿಯ ದೊಡ್ಡ ಕಾರು ಹಿಡಿದರು, ಮತ್ತೆ ಇಳಿಯಲಿಲ್ಲ. ಮಾವನಿಗೆ ಮಾತ್ರ ನನ್ನ ಕಾರೇ ಬೇಕು. 'ಎರಡು ಸೀಟಿನ ಕಾರಲ್ಲಿ ಕೂತಿದ್ದೆ ಅಂತ ಊರಲ್ಲಿ ಹೇಳ್ಬೇಕಲ್ರೀ ಅಳಿಯಂದ್ರೇ' ಅಂದರು.

ಕಾರು ಹತ್ತಿದ ಕೂಡಲೇ ಮಾವ ಒಂದು ಪೂಜೆ ಮಾಡುತ್ತಿದ್ದರು. ಮೊದಲು ವಾಚು ಬಿಚ್ಚಿ ಜುಬ್ಬದ ಜೇಬಿಗೆ ಹಾಕುವುದು. ಕರ್ಚೀಫಿನಲ್ಲಿ ಕೈ ಒರೆಸುವುದು. ಆಮೇಲೆ ಮಗುವಿಗೆ ಜ್ವರ ಇದೆಯಾ ನೋಡುವವರ ಹಾಗೆ ಮುಂಗೈ ತಿರುಗಿಸಿ ವೆಂಟಿಗೆ ಹಿಡಿಯುವುದು. ಕಣ್ಣು ಮುಚ್ಚುವುದು. ನಾನು ಉಸಿರು ಬಿಗಿಹಿಡಿದು ಕಾಯುವುದು. ಕೊನೆಗೆ ತೀರ್ಪು.

'ಆರಾಣೆ.'

ಮಾವನ ಬಳಿ ತಂಪಿಗೆ ಡಿಗ್ರಿ ಇಲ್ಲ, ಆಣೆ ಇದೆ. ಹದಿನಾರಾಣೆ ಅಂದರೆ ಪೂರ್ತಿ ತಂಪು. ಅವರ ಪ್ರಕಾರ ಅದು ಬ್ಯಾಂಕಿನ ಮ್ಯಾನೇಜರ್ ರೂಮಲ್ಲಿ ಮಾತ್ರ ಸಿಗುತ್ತದೆ. ಬೆಳಿಗ್ಗೆ ಏಳಕ್ಕೆ ಹಾಲು ತರಲು ಹೋದರೆ ನಮ್ಮ ಕಾರು ಹತ್ತಾಣೆ. ಮಧ್ಯಾಹ್ನ ನಾಲ್ಕಾಣೆ. ನಾಲ್ಕಾಣೆ ನಾಣ್ಯ 2011ರಲ್ಲೇ ಊರಲ್ಲಿ ಚಲಾವಣೆಯಿಂದ ಹೋಯಿತು, ನಮ್ಮ ಕಾರಲ್ಲಿ ಇನ್ನೂ ನಡೆಯುತ್ತಿದೆ. ನಾನು ಹೆಂಡತಿಯ ಕಣ್ಣು ತಪ್ಪಿಸಿ ಅಡುಗೆಮನೆಯ ಥರ್ಮಾಮೀಟರ್ ತಂದು ವೆಂಟಿಗೆ ಸಿಕ್ಕಿಸಿದೆ. ಎರಡು ವಾರ ತಾಳೆ ನೋಡಿದೆ. 13 ಡಿಗ್ರಿ ಬಂದರೆ ಹತ್ತಾಣೆ, 20 ಬಂದರೆ ಆರಾಣೆ, ಒಂದು ದಿನವೂ ತಪ್ಪಲಿಲ್ಲ. ಆಮೇಲೆ ಥರ್ಮಾಮೀಟರನ್ನು ಬೆಲ್ಲದ ಪಾಕದ ಕೆಲಸಕ್ಕೆ ವಾಪಸ್ ಕಳಿಸಿದೆ.

ಒಂದು ಶನಿವಾರ ಮಧ್ಯಾಹ್ನ ಕೊತ್ತಂಬರಿ ಸೊಪ್ಪು ತರಲು ರೇ ರೋಡಿನಲ್ಲಿ ಹೊರಟಿದ್ದೆವು. ಡಾಬ್ಸನ್ ಸಿಗ್ನಲ್ ಕೆಂಪಾಯಿತು. ನಿಂತರೆ ನಮ್ಮ ಏಸಿ ಸತ್ತಂತೆ. ಕಂಪ್ರೆಸರನ್ನು ತಿರುಗಿಸುವುದು ಇಂಜಿನ್ನಿನ ಬೆಲ್ಟು. ಇಂಜಿನ್ ನಿಧಾನಕ್ಕೆ ತಿರುಗಿದರೆ ಅದೂ ನಿಧಾನ, ಜೊತೆಗೆ ಕಂಡೆನ್ಸರಿಗೆ ಬೀಸುವ ಗಾಳಿಯೂ ಕಮ್ಮಿ. ಇದಕ್ಕೆ ನಾನು ಕಂಡುಕೊಂಡ ಉಪಾಯ, ನ್ಯೂಟ್ರಲ್‌ಗೆ ಹಾಕಿ ಆಕ್ಸಿಲರೇಟರ್ ಒತ್ತುವುದು. ಒತ್ತಿದೆ. ಬ್ರೂಂ ಅಂದಿತು.

'ಏಳಾಣೆ! ಇನ್ನೊಂಚೂರು ಕೊಡ್ರಿ ಅಳಿಯಂದ್ರೇ' ಅಂದರು ಮಾವ, ಕಣ್ಣು ಮುಚ್ಚಿಕೊಂಡೇ.

ಇನ್ನೊಂಚೂರು ಕೊಟ್ಟೆ. ಬ್ರೂಂ, ಬ್ರೂಂ. ಆಗ ಎಡಗಡೆಯಿಂದ ಗುಡುಗಿನಂಥ ಉತ್ತರ ಬಂತು. ತಿರುಗಿ ನೋಡಿದರೆ ಕಪ್ಪು ಮಸ್ಟಾಂಗ್ ಕಾರು. ಇಪ್ಪತ್ತರ ಹುಡುಗ, ಟೋಪಿ ಹಿಂದುಮುಂದು. ಅವನು ನನ್ನನ್ನೇ ನೋಡುತ್ತಾ ಗತ್ತಿನಲ್ಲಿ ತಲೆ ಆಡಿಸಿದ. ನಾನು ರೇಸಿಗೆ ಕರೆದೆ ಅಂದುಕೊಂಡಿದ್ದಾನೆ! ನಾನು 'ಇಲ್ಲಪ್ಪಾ, ಏಸಿ, ಏಸಿ' ಅಂತ ವೆಂಟು ತೋರಿಸಿ ಕೈ ಆಡಿಸಿದೆ. ಅವನಿಗದು 'ಬಾರೋ ನೋಡೇಬಿಡೋಣ' ಅಂದ ಹಾಗೆ ಕಂಡಿರಬೇಕು. ಹಸಿರು ಬಿತ್ತು. ಅವನು ಟೈರು ಸುಟ್ಟು ಹಾರಿದ. ನಾನು ಮಾಮೂಲಿನಂತೆ ಮೆಲ್ಲಗೆ ಹೊರಟೆ.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದಿನ ಅಲ್ಮಾ ಸ್ಕೂಲ್ ಸಿಗ್ನಲ್ಲಿನಲ್ಲಿ ಅವನು ಕೆಂಪು ದೀಪಕ್ಕೆ ಕಾಯುತ್ತಾ ನಿಂತಿದ್ದ. ನಾನು ಹೋಗಿ ಪಕ್ಕದಲ್ಲೇ ನಿಲ್ಲಬೇಕಾಯಿತು. ಈ ಸಲ ಏನಾದರಾಗಲಿ ಆಕ್ಸಿಲರೇಟರ್ ಮುಟ್ಟಬಾರದು ಅಂತ ತೀರ್ಮಾನ ಮಾಡಿದೆ.

'ಆರಾಣೆ...' ಅಂದರು ಮಾವ. ಸ್ವಲ್ಪ ಹೊತ್ತಾಯಿತು. 'ಐದಾಣೆ.' ಹಣೆಯ ಬೆವರು ಅವರ ಕನ್ನಡಕದ ಒಳಕ್ಕೆ ಇಳಿಯುತ್ತಿತ್ತು. 'ನಾಲ್ಕಾ...'

ಎಪ್ಪತ್ತು ದಾಟಿದ ಜೀವ. ನೋಡಲಾಗಲಿಲ್ಲ, ಒತ್ತಿದೆ. ಬ್ರೂಂ! ಮಸ್ಟಾಂಗಿನ ಹುಡುಗನ ಮುಖ ಹಬ್ಬದ ಹಾಗೆ ಅರಳಿತು. ಮತ್ತೆ ಹಸಿರು, ಮತ್ತೆ ಹೊಗೆ, ಮತ್ತೆ ನಾನು ಎತ್ತಿನ ಗಾಡಿ. ಅರಿಜೋನಾ ಅವೆನ್ಯೂ ಹೊತ್ತಿಗೆ ಅವನಿಗೂ ಸಂಶಯ ಬಂದಿರಬೇಕು. ಕಿಟಕಿ ಇಳಿಸಿ ಇಣುಕಿದ. ಒಳಗೆ ಕಂಡದ್ದು: ಬೆವರಿನಲ್ಲಿ ತೊಯ್ದ ಒಬ್ಬ ನಡುವಯಸ್ಸಿನವನು. ಪಕ್ಕದಲ್ಲಿ ಬಿಳಿ ಜುಬ್ಬದ ಯಜಮಾನರು, ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ, ತುಟಿ ಅಲ್ಲಾಡಿಸುತ್ತಿದ್ದಾರೆ. ಕಾರಿನ ಇಂಜಿನ್ ಒಂದೇ ಸಮ ಮೊರೆಯುತ್ತಿದೆ. ಹುಡುಗ ಏನಂದುಕೊಂಡನೋ, ಟೋಪಿ ತೆಗೆದ. ಹಸಿರು ಬಿದ್ದಾಗ ನಮಗೇ ದಾರಿ ಬಿಟ್ಟ.

'ಯಾರ್ರೀ ಅದು, ಪರಿಚಯದೋರಾ?' ಅಂದರು ಮಾವ ಕಣ್ಣು ಬಿಟ್ಟು.

ಅಂದು ರಾತ್ರಿ ಮತ್ತೆ ಹೊರಗೆ ಹೋಗಿ ಬರುವಾಗ ಟಾಪು ತೆಗೆದೆ. ಹತ್ತು ಗಂಟೆ, ಆದರೂ 38. ಮಾವ ಸೀಟಿಗೆ ಒರಗಿ ಅಂಬಾಸಡರ್ ಕಾರಿನ ಮಾತು ತೆಗೆದರು. ಅದರ ಮುಂದಿನ ಬಾಗಿಲಲ್ಲಿ ತ್ರಿಕೋನದ ಸಣ್ಣ ಗಾಜು ಇರುತ್ತಿತ್ತಲ್ಲ, ಅದನ್ನು ಎದೆಯ ಕಡೆಗೆ ತಿರುಗಿಸಿಕೊಂಡರೆ ಗಾಳಿ ಸೀದಾ ಬರುತ್ತಿತ್ತಂತೆ. ಮದುವೆಯಾದ ಹೊಸದರಲ್ಲಿ ಹರಿಹರದ ಸೇತುವೆ ಮೇಲೆ, ತುಂಗಭದ್ರೆಯ ಗಾಳಿಗೆ ಅತ್ತೆಯ ಸೆರಗು ಹಾರಿ ಡ್ರೈವರಿನ ಮುಖ ಮುಚ್ಚಿತ್ತಂತೆ. 'ಅದು ಎಷ್ಟಾಣೆ ಮಾವ?' ಅಂತ ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಮನೆ ಬರುವವರೆಗೂ ಮುಂಗೈಯನ್ನು ಕಿಟಕಿಯ ಹೊರಗೆ ಇಟ್ಟುಕೊಂಡಿದ್ದರು.

ನಿನ್ನೆ ಸಂಜೆ ಮನೆ ಮುಟ್ಟುವ ಮುಂಚೆಯೇ ಅವರ ವಿಡಿಯೋ ಕಾಲ್ ಬಂತು. ಮನೆಮುಂದೆ ಕಾರು ನಿಲ್ಲಿಸಿ, ಇಂಜಿನ್ ಆರಿಸದೆ ಫೋನ್ ಎತ್ತಿದೆ. ಊರಲ್ಲಿ ಬೆಳಗಿನ ಆರು ಗಂಟೆ, ಕೈಯಲ್ಲಿ ಕಾಫಿ ಲೋಟ. ಕುಶಲ ಕೇಳುವ ಮೊದಲೇ, 'ಕಾರಲ್ಲಿದ್ದೀರಾ? ಇವತ್ತೆಷ್ಟು?' ಅಂದರು.

ಸುಮ್ನೆ ಯಾಕೆ ಬೇಜಾರು ಮಾಡುವುದು ಅಂತ ವೆಂಟಿಗೆ ಕೈ ಹಿಡಿದು, 'ಹನ್ನೆರಡಾಣೆ ಮಾವ' ಅಂದೆ.

ಮಾವ ಕನ್ನಡಕ ಮೇಲೇರಿಸಿ ಫೋನನ್ನು ಹತ್ತಿರ ತಂದುಕೊಂಡರು. 'ಸುಳ್ಳು ಹೇಳ್ಬ್ಯಾಡ್ರಿ ಅಳಿಯಂದ್ರೇ. ನಿಮ್ಮ ಮೂಗಿನ ತುದಿಯಾಗ ಹನಿ ನಿಂತೈತೆ.'